ತುರ್ಕಿಯ ಎಂಟು ಸ್ವರಗಳು

ಅಕ್ಷರಗಳನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದೆಂದರೆ ಕತ್ತಲೆಯಲ್ಲಿ ಕುಳಿತು ಬಣ್ಣಗಳನ್ನು ವರ್ಣಿಸಿದಂತೆ ಎಂದು ನಿಮಗೆ ತೋರಬಹುದು. ಇಲ್ಲಿ ಕರಿಹಲಗೆಯಿಲ್ಲ, ಸೀಮೆಸುಣ್ಣವಿಲ್ಲ. ಆದರೆ ಈ ಹೊತ್ತು ನಾನು ಹೇಳಹೊರಟಿರುವ ವರ್ಣಮಾಲೆಯ ಮಟ್ಟಿಗೆ ಈ ಕೊರತೆಯೇ ಒಂದು ಅನುಕೂಲ. ತುರ್ಕಿ ಭಾಷೆಯ ಅಕ್ಷರಗಳು ಕಣ್ಣಿಗೆ ಇಂಗ್ಲಿಷಿನ ಅಕ್ಷರಗಳಂತೆಯೇ ಕಾಣುತ್ತವೆ. ಕಂಡೊಡನೆ ನಮ್ಮ ನಾಲಿಗೆ ಇಂಗ್ಲಿಷಿನ ಹಾದಿ ಹಿಡಿಯುತ್ತದೆ. ಅಲ್ಲಿಂದ ಮುಂದೆ ಉಚ್ಚಾರವೆಲ್ಲ ಕೆಡುತ್ತದೆ. ಕಣ್ಣನ್ನು ಬದಿಗಿಟ್ಟು ಕಿವಿಯಿಂದ, ಅದರಲ್ಲೂ ಕನ್ನಡ ವ್ಯಾಕರಣ ಓದಿದವರ ಕಿವಿಯಿಂದ ಹೊರಟರೆ, ಈ 29 ಅಕ್ಷರಗಳನ್ನು ಕಲಿಯುವುದು ಒಂದು ಮಧ್ಯಾಹ್ನದ ಕೆಲಸ.

ಮೊದಲು ಹೆಸರನ್ನೇ ನೋಡೋಣ. ನಮ್ಮ ಪತ್ರಿಕೆಗಳು ‘ಟರ್ಕಿ’ ಎಂದು ಬರೆಯುತ್ತವೆ. ಆ ‘ಟ’ ಇಂಗ್ಲಿಷರ ಬಾಯಿಂದ ನಾವು ಕೇಳಿಸಿಕೊಂಡದ್ದು. ತುರ್ಕರ ಮಾತಿನಲ್ಲಿ ಟ, ಡ, ಣ, ಳ ಎಂಬ ಮೂರ್ಧನ್ಯಗಳೇ ಇಲ್ಲ. ಇರುವುದು ಹಲ್ಲಿನ ಕಡೆಯ ತ ಮತ್ತು ದ. ‘ತುರುಕ’, ‘ತುರುಷ್ಕ’ ಎಂದು ಬರೆದ ನಮ್ಮ ಹಳಬರು ಈ ವಿಷಯದಲ್ಲಿ ಇಂದಿನ ಪತ್ರಿಕೆಗಳಿಗಿಂತ ಸತ್ಯಕ್ಕೆ ಹತ್ತಿರವಾಗಿದ್ದರು. 2022ರಲ್ಲಿ ಆ ದೇಶ ವಿಶ್ವಸಂಸ್ಥೆಯಲ್ಲಿ ತನ್ನ ಹೆಸರನ್ನು ತನ್ನದೇ ಭಾಷೆಯ ರೂಪಕ್ಕೆ, ಅಂದರೆ ಸುಮಾರಾಗಿ ‘ತುರ್ಕಿಯೆ’ ಎಂಬುದಕ್ಕೆ ಬದಲಾಯಿಸಿಕೊಂಡಿತು. ಸುಮಾರಾಗಿ ಎಂದೆ, ಏಕೆಂದರೆ ಆ ‘ತು’ವಿನಲ್ಲಿರುವ ಸ್ವರ ನಮ್ಮ ಉಕಾರವಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಎಂ.ಎ. ತರಗತಿಗಳಲ್ಲಿ ಭಾಷಾವಿಜ್ಞಾನದ ಪಾಠ ಹೇಳುವಾಗ ಪ್ರತ್ಯಯಗಳನ್ನು ಒಂದಕ್ಕೊಂದು ಅಂಟಿಸುತ್ತ ಹೋಗುವ ಭಾಷೆಗಳಿಗೆ ಉದಾಹರಣೆಯಾಗಿ ಕನ್ನಡದ ಪಕ್ಕದಲ್ಲಿ ತುರ್ಕಿಯನ್ನು ಹೆಸರಿಸುವುದು ನಮ್ಮಲ್ಲಿ ವಾಡಿಕೆ. ನಾನೂ ಬಹಳ ವರ್ಷ ಹೆಸರಿಸಿದೆ. ನಿವೃತ್ತಿಯಾದ ಮೇಲೆ ಬಿಡುವು ದೊರೆತಾಗ, ಇಷ್ಟು ದಿನ ಹೆಸರು ಹೇಳಿ ಅನ್ನ ತಿಂದ ಈ ಭಾಷೆಯ ಮುಖವನ್ನಾದರೂ ನೋಡೋಣವೆಂದು ಒಂದು ವ್ಯಾಕರಣವನ್ನೂ ಒಂದಿಷ್ಟು ಧ್ವನಿಮುದ್ರಿಕೆಗಳನ್ನೂ ತರಿಸಿಕೊಂಡು ಕುಳಿತೆ. ನನಗೆ ನೆರವಾದದ್ದು ನನ್ನ ಇಂಗ್ಲಿಷ್ ಜ್ಞಾನವಲ್ಲ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ಸಂಧಿಪ್ರಕರಣ.

ವ್ಯಂಜನಗಳನ್ನು ಬೇಗ ಮುಗಿಸಬಹುದು. ಇಂಗ್ಲಿಷಿನ ‘ಸಿ’ ಅಕ್ಷರಕ್ಕೆ ತುರ್ಕಿಯಲ್ಲಿ ಯಾವಾಗಲೂ ‘ಜ’ ಎಂದೇ ಉಚ್ಚಾರ. ಅದಕ್ಕೆ ಕೆಳಗೆ ಒಂದು ಪುಟ್ಟ ಬಾಲ ಹಚ್ಚಿದರೆ ‘ಚ’. ‘ಎಸ್’ ಅಕ್ಷರಕ್ಕೆ ಅದೇ ಬಾಲ ಹಚ್ಚಿದರೆ ‘ಶ’. ಮಹಾಪ್ರಾಣಗಳಿಲ್ಲ. ಒಂದು ಅಕ್ಷರಕ್ಕೆ ಒಂದು ಧ್ವನಿ, ಒಂದು ಧ್ವನಿಗೆ ಒಂದು ಅಕ್ಷರ ಎಂಬ ನಿಯಮಕ್ಕೆ ಅಪವಾದಗಳು ಕೆಲವೇ. ಇಷ್ಟನ್ನು ತಿಳಿದುಕೊಂಡರೆ ಅಪರಿಚಿತವಾಗಿ ಕಂಡ ಪದಗಳು ತಟ್ಟನೆ ನೆಂಟರಾಗುತ್ತವೆ. ‘ಸಿ’ಯಿಂದ ಆರಂಭವಾಗುವ ಒಂದು ಪದವನ್ನು ಮೊದಲು ಕಂಡಾಗ ‘ಸೆವಾಪ್’ ಎಂದು ಓದಬೇಕೆನ್ನಿಸುತ್ತದೆ. ‘ಜೆವಾಪ್’ ಎಂದು ಓದಿದೊಡನೆ ನಮ್ಮ ‘ಜವಾಬು’ ಎದ್ದು ನಿಲ್ಲುತ್ತದೆ. ‘ಹೆಸಾಪ್’ ನಮ್ಮ ಹಿಸಾಬು, ‘ಕಾನೂನ್’ ನಮ್ಮ ಕಾನೂನು, ‘ವೆಕಿಲ್’ ನಮ್ಮ ವಕೀಲ, ‘ರೆಂಕ್’ ನಮ್ಮ ರಂಗು. ಇವೆಲ್ಲ ಅರಬ್ಬಿ–ಪಾರಸಿಗಳಿಂದ ಆ ಕಡೆಗೂ ಈ ಕಡೆಗೂ ಹಂಚಿಹೋದ ಮಾತುಗಳು. ತುರ್ಕಿಯದೇ ಮಾತೊಂದು ನಮ್ಮವರೆಗೆ ಬಂದಿರುವುದಕ್ಕೆ ‘ತೋಪು’ ಸಾಕ್ಷಿ. ಇಸ್ತಾಂಬುಲಿನ ‘ತೊಪ್‌ಕಾಪಿ’ ಅರಮನೆಯ ಹೆಸರಿಗೆ ‘ತೋಪಿನ ಬಾಗಿಲು’ ಎಂದರ್ಥ. ವಿಜಯಪುರದ ಕೋಟೆಯ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರು ‘ರೂಮಿ’ ಎಂದು ಕೊನೆಗೊಳ್ಳುತ್ತದೆ. ಅಂದಿನ ಮಾತಿನಲ್ಲಿ ಹಾಗೆಂದರೆ ತುರ್ಕಿಯ ಕಡೆಯವನು.

ಇನ್ನು ಸ್ವರಗಳು. ಈ ಭಾಷೆಯ ಜೀವ ಇರುವುದು ಇಲ್ಲಿಯೇ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ತುರ್ಕಿಯಲ್ಲಿ ಸ್ವರಗಳು ಎಂಟು. ಅ, ಎ, ಇ, ಒ, ಉ ಎಂಬ ಐದು ನಮ್ಮವೇ. ಉಳಿದ ಮೂರು ನಮ್ಮ ಶಿಷ್ಟ ಕನ್ನಡದಲ್ಲಿಲ್ಲ. ಆದರೆ ನಮ್ಮ ಸ್ವರಗಳಿಂದಲೇ ಅವುಗಳನ್ನು ಕಟ್ಟಿಕೊಳ್ಳಬಹುದು. ಕನ್ನಡದಲ್ಲಿ ಇ, ಎ ಎನ್ನುವಾಗ ನಾಲಿಗೆ ಬಾಯಿಯ ಮುಂಭಾಗಕ್ಕೆ ಬರುತ್ತದೆ, ತುಟಿ ಹರಡಿಕೊಳ್ಳುತ್ತದೆ. ಉ, ಒ ಎನ್ನುವಾಗ ನಾಲಿಗೆ ಹಿಂದಕ್ಕೆ ಸರಿಯುತ್ತದೆ, ತುಟಿ ಗುಂಡಾಗುತ್ತದೆ. ನಾಲಿಗೆಗೂ ತುಟಿಗೂ ನಾವು ಒಂದು ಗಂಟು ಹಾಕಿಬಿಟ್ಟಿದ್ದೇವೆ. ತುರ್ಕರು ಆ ಗಂಟನ್ನು ಬಿಚ್ಚುತ್ತಾರೆ. ಕೇಳುಗರು ತಾವು ಕುಳಿತಲ್ಲೇ ಪ್ರಯತ್ನಿಸಬಹುದು. ‘ಇ’ ಎಂದು ಎಳೆಯುತ್ತ, ನಾಲಿಗೆಯನ್ನು ಕದಲಿಸದೆ, ತುಟಿಯನ್ನು ಮಾತ್ರ ‘ಉ’ ಎನ್ನುವವರಂತೆ ಚೂಪು ಮಾಡಿ. ಹೊರಡುವ ಧ್ವನಿ ‘ತುರ್ಕಿಯೆ’ಯ ಮೊದಲ ಸ್ವರ. ಬರವಣಿಗೆಯಲ್ಲಿ ಅದು ‘ಯು’ ಅಕ್ಷರ, ತಲೆಯ ಮೇಲೆ ಎರಡು ಚುಕ್ಕೆ. ಅದೇ ರೀತಿ ‘ಎ’ ಎನ್ನುತ್ತ ತುಟಿಯನ್ನು ‘ಒ’ ಎನ್ನುವಂತೆ ಗುಂಡಾಗಿಸಿದರೆ ಎರಡು ಚುಕ್ಕೆಯ ‘ಓ’ ಅಕ್ಷರದ ಧ್ವನಿ. ಮೂರನೆಯದು ತಿರುಗುಮುರುಗು: ‘ಉ’ ಎನ್ನುತ್ತ ತುಟಿಯನ್ನು ಸಡಿಲಿಸಿ ‘ಇ’ ಎನ್ನುವಂತೆ ಹರಡಬೇಕು. ಇದನ್ನು ಚುಕ್ಕೆಯಿಲ್ಲದ ‘ಐ’ ಅಕ್ಷರದಿಂದ ಬರೆಯುತ್ತಾರೆ.

ಈ ಮೂರನೆಯದನ್ನು ಮಂಗಳೂರು, ಉಡುಪಿ ಕಡೆಯ ಕೇಳುಗರಿಗೆ ನಾನು ಕಲಿಸಬೇಕಾಗಿಲ್ಲ. ತುಳುವಿನಲ್ಲಿ ಎರಡು ಎಂಬುದಕ್ಕೆ ‘ರಡ್ಡ್’ ಎನ್ನುವಾಗ ಕೊನೆಯಲ್ಲಿ ಉ ಎಂದೂ ಹೇಳಲಾಗದ, ಇಲ್ಲವೆಂದೂ ಹೇಳಲಾಗದ ಒಂದು ಸ್ವರ ಸುಳಿಯುತ್ತದಲ್ಲ, ಹೆಚ್ಚುಕಡಿಮೆ ಅದೇ ಇದು. ಕೊಡವ ಭಾಷೆಯಲ್ಲಿಯೂ ಇಂಥ ಸ್ವರಗಳುಂಟು. ಕನ್ನಡ ಲಿಪಿಯಲ್ಲಿ ಅವುಗಳನ್ನು ಬರೆಯುವುದು ಹೇಗೆಂಬ ತೊಡಕೂ ಉಂಟು. ಬಾಯಲ್ಲಿರುವ ಸ್ವರಕ್ಕೆ ಕಾಗದದಲ್ಲಿ ಜಾಗವಿಲ್ಲದಿದ್ದರೆ ಏನಾಗುತ್ತದೆ ಎಂಬುದು ಕೊಡಗಿನವರಿಗೂ ತುಳುವರಿಗೂ ಗೊತ್ತಿರುವಷ್ಟು ಉಳಿದ ಕನ್ನಡಿಗರಿಗೆ ಗೊತ್ತಿಲ್ಲ.

ಸ್ವರ ಬದಲಾದರೆ ಅರ್ಥ ಎಷ್ಟು ಬದಲಾಗುತ್ತದೆಂಬುದಕ್ಕೆ ಒಂದು ಉದಾಹರಣೆ. ಕ ಮತ್ತು ಲ್ ಎಂಬ ಎರಡು ವ್ಯಂಜನಗಳ ನಡುವೆ ಸ್ವರಗಳನ್ನು ಒಂದೊಂದಾಗಿ ಇಟ್ಟುನೋಡಿ. ಅಕಾರವಿಟ್ಟರೆ ‘ಉಳಿ’, ಅಂದರೆ ಇಲ್ಲೇ ಇರು ಎಂದರ್ಥ. ಎಕಾರವಿಟ್ಟರೆ ಬೋಳುತಲೆ. ಒಕಾರಕ್ಕೆ ತೋಳು, ಉಕಾರಕ್ಕೆ ದಾಸ, ಇಕಾರಕ್ಕೆ ಜೇಡಿಮಣ್ಣು. ಉಕಾರದ ತುಟಿಯನ್ನು ಸಡಿಲಿಸಿದರೆ ಕೂದಲು; ಇಕಾರದ ತುಟಿಯನ್ನು ಗುಂಡಾಗಿಸಿದರೆ ಬೂದಿ. ಕೂದಲಿಗೂ ಬೋಳಿಗೂ ನಡುವೆ ಇರುವುದು ಒಂದು ಸ್ವರದ ಅಂತರವೆಂಬುದು ನನ್ನ ವಯಸ್ಸಿನವರಿಗೆ ಸಮಾಧಾನದ ಸಂಗತಿ.

ಈಗ ಈ ಭಾಷೆಯನ್ನು ಶತಮಾನಗಳ ಕಾಲ ಅರಬ್ಬಿ ಅಕ್ಷರಗಳಲ್ಲಿ ಬರೆಯುತ್ತಿದ್ದರೆಂಬುದನ್ನು ನೆನೆಯಿರಿ. ಅರಬ್ಬಿ ಲಿಪಿ ಅರಬ್ಬಿಗೆ ಅತ್ಯಂತ ಒಪ್ಪುವಂಥದು. ಅಲ್ಲಿ ವ್ಯಂಜನಗಳು ಪದದ ಎಲುಬು. ಸ್ವರಗಳನ್ನು ಓದುಗ ತಾನೇ ತುಂಬಿಕೊಳ್ಳುತ್ತಾನೆ. ತುರ್ಕಿಯಲ್ಲಿ ಹಾಗಲ್ಲ. ಒ, ಉ, ಮತ್ತು ತುಟಿ ಗುಂಡಾದ ಎ, ತುಟಿ ಗುಂಡಾದ ಇ ಎಂಬ ನಾಲ್ಕೂ ಸ್ವರಗಳಿಗೆ ‘ವಾವ್’ ಎಂಬ ಒಂದೇ ಅಕ್ಷರ. ಸಾಲದ್ದಕ್ಕೆ ವಕಾರಕ್ಕೂ ಅದೇ. ಆದರೆ ತುರ್ಕನ ಬಾಯಲ್ಲಿ ಒಂದೇ ಆಗಿ ಹೊರಡುವ ಸಕಾರಕ್ಕೆ ಮೂರು ಅಕ್ಷರಗಳು, ‘ಜ಼’ ಧ್ವನಿಗೆ ನಾಲ್ಕು. ಬೇಕಾದಲ್ಲಿ ಬರ, ಬೇಡವಾದಲ್ಲಿ ನೆರೆ. ತೋಳು ಮತ್ತು ದಾಸ ಎಂಬ ಎರಡು ಪದಗಳನ್ನು ಆ ಲಿಪಿಯಲ್ಲಿ ಒಂದೇ ರೀತಿ ಬರೆಯುತ್ತಿದ್ದರು. ಇದಕ್ಕಿಂತ ದೊಡ್ಡ ತೊಡಕು ‘ಒಲ್ದು’ ಎಂಬುದರದು. ಒಲ್ದು ಎಂದರೆ ‘ಆಯಿತು’ ಅಥವಾ ‘ಆದನು’. ನಾಲಿಗೆಯಲ್ಲಿ ‘ಎಲ್ದಿ’ ಎನ್ನುತ್ತ ತುಟಿಯಲ್ಲಿ ‘ಒಲ್ದು’ ಎಂದರೆ ಹೊರಡುವ ಮಾತಿಗೆ ‘ಸತ್ತನು’ ಎಂದರ್ಥ. ಹಳೆಯ ಲಿಪಿಯಲ್ಲಿ ಎರಡಕ್ಕೂ ಒಂದೇ ಬರಹ. ಒಬ್ಬ ಪಾಷಾನ ಹೆಸರಿನ ಮುಂದೆ ಆ ಪದ ಬಂದರೆ ಅವನು ಏನೋ ಆದನೋ ಇಲ್ಲವೆ ತೀರಿಕೊಂಡನೋ ಎಂಬುದನ್ನು ಓದುಗ ಮುಂದಿನ ಹಿಂದಿನ ಮಾತುಗಳಿಂದ ಊಹಿಸಬೇಕು. ಅಕ್ಷರ ಬಲ್ಲವರಿಗೇ ಈ ಪಾಡಾದರೆ ಅಕ್ಷರ ಕಲಿಯಲು ಬಂದ ರೈತನ ಮಗನ ಪಾಡೇನು?

ಎಂಟು ಸ್ವರಗಳಿಗೆ ಎಂಟು ಅಕ್ಷರಗಳೇ ಬೇಕೆನ್ನುವುದಕ್ಕೆ ಇನ್ನೊಂದು ಕಾರಣ ಇದಕ್ಕಿಂತಲೂ ಆಳವಾದುದು. ತುರ್ಕಿಯಲ್ಲಿ ಪದದೊಳಗಿನ ಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮನೆಗೆ ‘ಎವ್’, ಮನೆಗಳಿಗೆ ‘ಎವ್‌ಲೆರ್’. ಕುದುರೆಗೆ ‘ಅತ್’, ಕುದುರೆಗಳಿಗೆ ‘ಅತ್‌ಲರ್’. ನಮ್ಮ ‘ಗಳು’ ಎಲ್ಲಿಗೆ ಹೋದರೂ ‘ಗಳು’ವೇ. ಅವರ ಬಹುವಚನ ಪ್ರತ್ಯಯ ತಾನು ಹೋದ ಮನೆಯ ಸ್ವರವನ್ನು ನೋಡಿ ತನ್ನ ಸ್ವರವನ್ನು ತಿದ್ದಿಕೊಳ್ಳುತ್ತದೆ. ‘ನನ್ನ’ ಎಂಬ ಅರ್ಥದ ಪ್ರತ್ಯಯಕ್ಕಂತೂ ನಾಲ್ಕು ವೇಷ: ನನ್ನ ಮನೆ ‘ಎವಿಮ್’, ನನ್ನ ತೋಳು ‘ಕೊಲುಮ್’; ನನ್ನ ತಲೆ ಎನ್ನುವಾಗ ಆ ಸಡಿಲ ತುಟಿಯ ಉಕಾರ; ನನ್ನ ಕಣ್ಣು ಎನ್ನುವಾಗ ಗುಂಡು ತುಟಿಯ ಇಕಾರ. ನಾಲಿಗೆ ಮುಂದಿದ್ದರೆ ಕೊನೆಯವರೆಗೂ ಮುಂದೆ, ಹಿಂದಿದ್ದರೆ ಕೊನೆಯವರೆಗೂ ಹಿಂದೆ. ಕೇಳುವುದಕ್ಕೆ ಇದು ಪ್ರಾಸದಂತಿರುತ್ತದೆ. ನಮ್ಮ ಪ್ರಶ್ನಾರ್ಥಕ ಏಕಾರದಂತೆ ಅವರಿಗೂ ಒಂದು ಪ್ರಶ್ನೆಯ ಮಾತುಂಟು: ‘ಬಂದನೇ?’ ಎಂಬುದಕ್ಕೆ ‘ಗೆಲ್ದಿ ಮಿ?’, ‘ಆಯಿತೇ?’ ಎಂಬುದಕ್ಕೆ ‘ಒಲ್ದು ಮು?’. ತೆಲುಗು ಬಲ್ಲವರಿಗೆ ಇದರ ಒಂದು ಎಳೆ ಪರಿಚಿತ. ಅಲ್ಲಿ ‘ಇಂಟಿಕಿ’ ಎನ್ನುವವರೇ ‘ನಾಕು’ ಎನ್ನುತ್ತಾರೆ; ಕಿ ಬರಬೇಕೋ ಕು ಬರಬೇಕೋ ಎಂಬುದನ್ನು ಹಿಂದಿನ ಸ್ವರ ತೀರ್ಮಾನಿಸುತ್ತದೆ. ತೆಲುಗಿನಲ್ಲಿ ಎಳೆಯಾಗಿರುವುದು ತುರ್ಕಿಯಲ್ಲಿ ಇಡೀ ನೇಯ್ಗೆ.

ಎರವಲು ಪದಗಳು ಈ ನಿಯಮವನ್ನು ಪಾಲಿಸುವುದಿಲ್ಲ. ಪುಸ್ತಕ ಎಂಬರ್ಥದ ‘ಕಿತಾಪ್’ನಲ್ಲಿ ಮುಂದಿನ ಸ್ವರವೂ ಹಿಂದಿನ ಸ್ವರವೂ ಒಟ್ಟಿಗೆ ಇವೆ. ಅದು ನಮ್ಮ ಕಿತಾಬು. ನಮ್ಮಲ್ಲಿ ‘ಬ’ ಇದ್ದದ್ದು ಅವರಲ್ಲಿ ‘ಪ’ ಏಕಾಯಿತು? ಜವಾಬು–ಜೆವಾಪ್, ಹಿಸಾಬು–ಹೆಸಾಪ್, ರಂಗು–ರೆಂಕ್ ಎಲ್ಲದರಲ್ಲೂ ಇದೇ ಕಥೆ. ತುರ್ಕಿಯಲ್ಲಿ ಪದದ ಕೊನೆಗೆ ಬಿದ್ದ ಬ, ದ, ಜ, ಗಗಳು ಸಾಮಾನ್ಯವಾಗಿ ಪ, ತ, ಚ, ಕಗಳಾಗಿ ಗಡುಸಾಗುತ್ತವೆ. ಕನ್ನಡ ಪರಭಾಷೆಯ ವ್ಯಂಜನಾಂತ ಪದಕ್ಕೆ ಒಂದು ಉಕಾರದ ಹೊದಿಕೆ ಹೊದಿಸುವುದರಿಂದ ಒಳಗಿನ ಬಕಾರ ಹಾಗೆಯೇ ಉಳಿಯಿತು. ಅವರು ಹೊದಿಸಲಿಲ್ಲ, ಬಕಾರ ಪಕಾರವಾಯಿತು. ಆದರೆ ಸ್ವರದಿಂದ ಆರಂಭವಾಗುವ ಪ್ರತ್ಯಯವೊಂದು ಹತ್ತಿದೊಡನೆ ‘ಕಿತಾಪ್’ ಮತ್ತೆ ‘ಕಿತಾಬ್’ ಆಗುತ್ತದೆ, ‘ರೆಂಕ್’ ಮತ್ತೆ ‘ರೆಂಗ್’ ಆಗುತ್ತದೆ. ಮಳೆ ಮತ್ತು ಕಾಲ ಕೂಡಿ ಮಳೆಗಾಲ, ಬೆಟ್ಟ ಮತ್ತು ತಾವರೆ ಕೂಡಿ ಬೆಟ್ಟದಾವರೆ ಎಂದು ಆದೇಶಸಂಧಿಯನ್ನು ಓದಿದವರಿಗೆ ಕ, ತ, ಪಗಳು ಗ, ದ, ಬಗಳಾಗುವುದು ಹೊಸ ಸಂಗತಿಯಲ್ಲ. ಇನ್ನೂ ಸೋಜಿಗವೆಂದರೆ ಅವರಿಗೆ ಯಕಾರಾಗಮವೂ ಉಂಟು! ಮನೆ ಮತ್ತು ಅನ್ನು ಕೂಡಿ ‘ಮನೆಯನ್ನು’ ಆಗುವಂತೆ, ಬಂಡಿ ಎಂಬರ್ಥದ ‘ಅರಬಾ’ ಶಬ್ದಕ್ಕೆ ದ್ವಿತೀಯಾ ವಿಭಕ್ತಿಯ ಸ್ವರ ಹತ್ತುವಾಗ ನಡುವೆ ಒಂದು ಯಕಾರ ಬಂದು ಕೂಡುತ್ತದೆ. ಎರಡು ಸ್ವರಗಳು ಎದುರುಬದುರಾದಾಗ ಯಾವ ಊರಿನ ಬಾಯಾದರೂ ಮಾಡುವ ಉಪಾಯ ಕೆಲವೇ.

ಇಂಥ ಹೋಲಿಕೆಗಳನ್ನು ಕಂಡೇ ಕಾಲ್ಡ್‌ವೆಲ್ ಮಹಾಶಯ 1856ರ ತನ್ನ ದ್ರಾವಿಡ ವ್ಯಾಕರಣದಲ್ಲಿ ನಮ್ಮ ಭಾಷೆಗಳನ್ನು ತುರ್ಕಿ ಮೊದಲಾದುವನ್ನೊಳಗೊಂಡ ‘ಸಿಥಿಯನ್’ ಬಳಗಕ್ಕೆ ಸೇರಿಸಲು ಬಯಸಿದ್ದು. ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ನೆಂಟಸ್ತಿಕೆ ಇಲ್ಲದೆಯೂ ಇಬ್ಬರ ನಡೆ ಒಂದೇ ರೀತಿ ಇರಬಹುದು. ಕಲಿಯುವವನಿಗೆ ಆ ನಡೆಯೇ ಸಾಕು.

ಒಂದು ಅಕ್ಷರವನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಅದು ತಲೆಯ ಮೇಲೆ ಬಟ್ಟಲಿನಂಥ ಗುರುತುಳ್ಳ ‘ಜಿ’. ತುರ್ಕರು ಅದನ್ನು ‘ಯುಮುಶಾಕ್ ಗೆ’, ಅಂದರೆ ‘ಮೃದು ಗಕಾರ’ ಎನ್ನುತ್ತಾರೆ. ಮೃದುವೆಂದರೆ ಎಷ್ಟು? ಕೇಳಿಸದಷ್ಟು. ಅದು ಪದದ ಆರಂಭದಲ್ಲಿ ಬರುವುದಿಲ್ಲ. ಬಂದಲ್ಲಿ ಹಿಂದಿನ ಸ್ವರವನ್ನು ಎಳೆದು ತಾನು ಮಾಯವಾಗುತ್ತದೆ. ಬೆಟ್ಟಕ್ಕೆ ‘ದಾ’ ಎನ್ನುತ್ತಾರೆ, ಕೊನೆಯಲ್ಲಿ ಆ ಮೌನ ಗಕಾರ ಇರುತ್ತದೆ. ನಮ್ಮ ಕಾಗದವೇ ಅಲ್ಲಿ ‘ಕ್ಯಾ–’ ಎಂದು ಎಳೆದು, ಸಡಿಲ ತುಟಿಯ ಸ್ವರವೊಂದನ್ನು ಮುಟ್ಟಿ, ತಕಾರದಲ್ಲಿ ನಿಲ್ಲುತ್ತದೆ. ಗಕಾರ ಬರಹದಲ್ಲಿ ಮಾತ್ರ. ಅದರ ಆಚೀಚೆ ಎ, ಇ ಇದ್ದರೆ ಅದು ಯಕಾರದಂತೆ ಕೇಳಿಸುತ್ತದೆ: ‘ಅಲ್ಲ’ ಎಂಬುದಕ್ಕೆ ಬರೆಯುವುದು ‘ದೆಗಿಲ್’, ಆಡುವುದು ‘ದೆಯಿಲ್’. ಮಂಡ್ಯದ ಕಡೆ ‘ಹೋಗ್ತೀನಿ’ ಎಂಬುದು ‘ಹೋಯ್ತೀನಿ’ ಆಗುವುದನ್ನು ಕೇಳಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಆ ದೇಶದ ಅಧ್ಯಕ್ಷರ ಹೆಸರನ್ನು ನಮ್ಮ ವಾರ್ತೆಗಳಲ್ಲಿ ‘ಎರ್ಡೋಗನ್’ ಎಂದು ಓದುವುದನ್ನು ಕೇಳುತ್ತೇನೆ. ಅದು ‘ಎರ್ದೋಆನ್’. ಡಕಾರವೂ ಇಲ್ಲ, ಗಕಾರವೂ ಇಲ್ಲ.

ಈ ಅಕ್ಷರಮಾಲೆ ಬಳಕೆಗೆ ಬಂದ ರೀತಿ ಬೇರೆಲ್ಲೂ ಕಾಣದಂಥದು. 1928ರ ಆಗಸ್ಟ್ 9ರ ರಾತ್ರಿ ಇಸ್ತಾಂಬುಲಿನ ಸರಾಯ್‌ಬುರ್ನು ಉದ್ಯಾನದಲ್ಲಿ ನೆರೆದ ಜನರ ಮುಂದೆ ಮುಸ್ತಫಾ ಕೆಮಾಲರು ಹೊಸ ಅಕ್ಷರಗಳನ್ನು ಸಾರಿದರು. ಅದನ್ನು ರೂಪಿಸಿದ ಸಮಿತಿಯಲ್ಲಿದ್ದ ಫಾಲಿಹ್ ರಿಫ್ಕಿ ಅತಾಯ್ ತಮ್ಮ ನೆನಪುಗಳಲ್ಲಿ ಬರೆದಿರುವಂತೆ, ಬದಲಾವಣೆಗೆ ಐದು ವರ್ಷ ಬೇಕೆಂದು ಕೆಲವರು, ಹದಿನೈದು ಬೇಕೆಂದು ಕೆಲವರು ಲೆಕ್ಕ ಹಾಕಿದ್ದರು. ಕೆಮಾಲರು, ಆಗುವುದಾದರೆ ಮೂರು ತಿಂಗಳಲ್ಲಿ ಆಗಬೇಕು ಎಂದರು. ಸೆಪ್ಟೆಂಬರಿನಲ್ಲಿ ಅವರು ಕೈಸೇರಿಯಲ್ಲಿ ಕರಿಹಲಗೆಯ ಪಕ್ಕದಲ್ಲಿ ಮೇಷ್ಟರಂತೆ ನಿಂತಿರುವ ಚಿತ್ರವನ್ನು ನೀವು ನೋಡಿರಬಹುದು. ನವೆಂಬರ್ 1ರಂದು ಕಾನೂನಾಯಿತು. 1929ರ ಜನವರಿಯಿಂದ ಹಳೆಯ ಲಿಪಿಯಲ್ಲಿ ತುರ್ಕಿ ಪುಸ್ತಕ ಅಚ್ಚು ಹಾಕುವಂತಿರಲಿಲ್ಲ. ಅದೇ ತಿಂಗಳು ವಯಸ್ಕರಿಗಾಗಿ ‘ರಾಷ್ಟ್ರಶಾಲೆ’ಗಳು ತೆರೆದವು. 1927ರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಓದುಬರಹ ಬರುತ್ತಿದ್ದರೆ 1935ರ ಹೊತ್ತಿಗೆ ಸುಮಾರು ಐದರಲ್ಲಿ ಒಬ್ಬರಿಗೆ ಬರುತ್ತಿತ್ತು.

ಸಮಿತಿ ಮಾಡಿದ ಕೆಲಸವನ್ನು ನೋಡಿದಾಗ ನನಗೆ ಕೇಶಿರಾಜ ನೆನಪಾಗುತ್ತಾನೆ. ಸಂಸ್ಕೃತದ ವರ್ಣಮಾಲೆಯಿಂದ ಕನ್ನಡಕ್ಕೆ ಸಲ್ಲದವನ್ನು ಕಳೆದು, ಱ, ೞ ಮುಂತಾದ ದೇಶೀಯಗಳನ್ನು ಕೂಡಿಸಿ ‘ಶುದ್ಧಗೆ’ ನಲವತ್ತೇಳು ಎಂದು ಅವನು ಲೆಕ್ಕ ಹೇಳಿದ. ತುರ್ಕರೂ ಲ್ಯಾಟಿನ್ನಿನಿಂದ ‘ಕ್ಯೂ’, ‘ಡಬ್ಲ್ಯೂ’, ‘ಎಕ್ಸ್’ಗಳನ್ನು ಕಳೆದು ತಮ್ಮ ಬಾಯಿಗೆ ಬೇಕಾದವನ್ನು ಕೂಡಿಸಿದರು. ವ್ಯತ್ಯಾಸವೆಂದರೆ ಕೇಶಿರಾಜನ ಲೆಕ್ಕವನ್ನು ಮೀರಿದವರಿಗೆ ದಂಡವಿರಲಿಲ್ಲ. ತುರ್ಕಿಯಲ್ಲಿ ಆ ಮೂರು ಅಕ್ಷರಗಳು ಕುರ್ದಿಷ್ ಭಾಷೆಗೆ ಬೇಕಾದವು. ಕುರ್ದರು ತಮ್ಮ ಹೊಸವರುಷದ ಹೆಸರನ್ನು ‘ಡಬ್ಲ್ಯೂ’ ಹಾಕಿ ಬರೆದರೆ 1928ರ ಕಾನೂನಿನ ಉಲ್ಲಂಘನೆಯೆಂದು ಮೊಕದ್ದಮೆಗಳಾದವು. ಆ ಅಕ್ಷರಗಳಿಗೆ ಬಿಡುಗಡೆಯ ಮಾತು ಬಂದದ್ದು 2013ರಲ್ಲಿ. ಒಂದು ಭಾಷೆಯ ಸ್ವರಗಳಿಗೆ ನ್ಯಾಯ ಒದಗಿಸಲು ಹುಟ್ಟಿದ ಅಕ್ಷರಮಾಲೆಯೇ ಇನ್ನೊಂದು ಭಾಷೆಯ ವ್ಯಂಜನಗಳಿಗೆ ಅನ್ಯಾಯ ಮಾಡಿದ್ದು ನನಗೆ ಬೇಸರದ ಸಂಗತಿಯಾಗಿ ಕಾಣುತ್ತದೆ.

ನಮ್ಮ ದೇಶದಲ್ಲಿಯೂ ಈ ಗಾಳಿ ಬೀಸಿತ್ತು. 1934ರಲ್ಲಿ ತುರ್ಕಿಯನ್ನು ಕಂಡು ಬಂದಿದ್ದ ಸುಭಾಷ್ ಚಂದ್ರ ಬೋಸರು 1938ರ ಹರಿಪುರ ಕಾಂಗ್ರೆಸ್ಸಿನ ಅಧ್ಯಕ್ಷ ಭಾಷಣದಲ್ಲಿ ಭಾರತಕ್ಕೆಲ್ಲ ರೋಮನ್ ಲಿಪಿ ಒಳ್ಳೆಯದೆಂಬ ಅಭಿಪ್ರಾಯವನ್ನು ಮುಂದಿಟ್ಟರು. ಅದು ನಡೆಯಲಿಲ್ಲ, ನಡೆಯದಿದ್ದದ್ದು ಒಳ್ಳೆಯದೇ ಆಯಿತು. ಅರಬ್ಬಿ ಲಿಪಿಗೂ ತುರ್ಕಿಗೂ ಇದ್ದ ವಿರಸ ಕನ್ನಡ ಲಿಪಿಗೂ ಕನ್ನಡಕ್ಕೂ ಇಲ್ಲ. ಬೋಸರ ಕಣ್ಣಿಗೆ ಫಲ ಬಿತ್ತು. ಆ ಫಲದ ಬೇರು ಎಂಟು ಸ್ವರಗಳಲ್ಲಿತ್ತೆಂಬುದು ಬಿದ್ದಂತಿಲ್ಲ.

ಕಳೆದುಕೊಂಡದ್ದನ್ನೂ ಹೇಳಬೇಕಲ್ಲವೆ? ಲಿಪಿಯ ಬೆನ್ನಿಗೇ 1932ರಲ್ಲಿ ಭಾಷಾ ಸಂಸ್ಥೆ ಹುಟ್ಟಿ ಅರಬ್ಬಿ–ಪಾರಸಿ ಪದಗಳನ್ನು ತೆಗೆಯುವ ಕೆಲಸವೂ ನಡೆಯಿತು. 1927ರಲ್ಲಿ ಕೆಮಾಲರು ಆರು ದಿನಗಳ ಕಾಲ ಮಾಡಿದ ಪ್ರಸಿದ್ಧ ಭಾಷಣವನ್ನು 1963ರಲ್ಲಿ ಹೊಸ ತುರ್ಕಿಗೆ ತಿರುಗಿಸಿ ಅಚ್ಚು ಹಾಕಬೇಕಾಯಿತು. ನಮ್ಮಲ್ಲಿ ಹಲ್ಮಿಡಿಯ ಶಾಸನವನ್ನು ಓದಲಾರದವರಿದ್ದಾರೆ, ಆದರೆ ಅಲ್ಲಿಂದ ಇಲ್ಲಿಗೆ ಅಕ್ಷರಗಳು ಶತಮಾನಗಳಲ್ಲಿ ನಿಧಾನವಾಗಿ ತಿರುಗಿಕೊಂಡವು. ಅಲ್ಲಿ ಒಂದೇ ಚಳಿಗಾಲದಲ್ಲಿ ಅಜ್ಜನ ಪತ್ರಗಳೂ ಅಜ್ಜಿಯ ಗೋರಿಕಲ್ಲೂ ಮೊಮ್ಮಕ್ಕಳಿಗೆ ಮುಚ್ಚಿಹೋದವು. ಬೆಳಗಾವಿ, ಧಾರವಾಡಗಳ ಕಡೆ ಮೋಡಿ ಲಿಪಿಯ ಹಳೆಯ ಜಮೀನು ಕಾಗದವನ್ನು ಕೈಯಲ್ಲಿ ಹಿಡಿದು ಓದಬಲ್ಲವರನ್ನು ಹುಡುಕುವವರಿಗೆ ಅದರ ಒಂದು ಅಂಶ ಅರ್ಥವಾದೀತು.

ಹಳೆಯ ಲಿಪಿಯಲ್ಲಿ ಓದು ಕಲಿತಿದ್ದ ಅನೇಕರು ಕಚೇರಿಗೆ ಹೊಸ ಅಕ್ಷರಗಳನ್ನು ಬಳಸುತ್ತ, ತಮ್ಮ ಸ್ವಂತದ ಟಿಪ್ಪಣಿಗಳನ್ನು ದಶಕಗಳ ಕಾಲ ಹಳೆಯ ಅಕ್ಷರಗಳಲ್ಲೇ ಗೀಚಿಕೊಳ್ಳುತ್ತಿದ್ದರು. ಅವು ಶೀಘ್ರಲಿಪಿಯಂತೆ ಕೈಗೆ ಓಡುತ್ತಿದ್ದವು. 2014ರಲ್ಲಿ ಆ ಲಿಪಿಯನ್ನು ಪ್ರೌಢಶಾಲೆಗಳಲ್ಲಿ ಕಲಿಸಬೇಕೆಂಬ ಸಲಹೆ ಬಂದಾಗ ದೇಶದಲ್ಲಿ ದೊಡ್ಡ ವಾದವೆದ್ದಿತು. 29 ಅಕ್ಷರಗಳಲ್ಲಿ ಓದು ಕಲಿತ ಹುಡುಗ ಹುಡುಗಿಯರಲ್ಲಿ ಕೆಲವರು ಇಸ್ತಾಂಬುಲಿನ ತರಗತಿಗಳಲ್ಲಿ ಕುಳಿತು ಆ ಹಳೆಯ ಅಕ್ಷರಗಳನ್ನು ತಾವಾಗಿಯೇ ಕಲಿಯುತ್ತಾರೆ. ಮುತ್ತಜ್ಜನ ಪತ್ರದಲ್ಲಿ ‘ವಾವ್’ ಕಂಡಲ್ಲೆಲ್ಲ ನಾಲ್ಕು ಸ್ವರಗಳಲ್ಲಿ ಇದು ಯಾವುದಿರಬಹುದೆಂದು, ಆ ಮನುಷ್ಯ ಆದನೋ ಸತ್ತನೋ ಎಂದು, ಅವರೂ ಹಿಂದಿನವರಂತೆ ಊಹಿಸಿ ಓದಬೇಕು.